ಮೂರು ಅಂಗಿಯಷ್ಟು ಹಾಡು

ಮಾರ್ಚ್ 4, ಸೋಮವಾರ

ಕೆಳದವಡೆಯ ಹಲ್ಲಿನ ಸೆಟ್ ಮೂರನೇ ಸಲ ವಾಪಸ್ ಬಂತು. ಡಾಕ್ಟರಮ್ಮನ ಚೀಟಿ — 'ಪೇಷೆಂಟ್ ಮಾತಾಡುವಾಗ ಹಲ್ಲು ಟಕಟಕ ಅನ್ನುತ್ತದೆ.' ಹಲ್ಲಿನ ಲ್ಯಾಬಿನಲ್ಲಿ ಕೂತ ನನಗೆ ಸಿಗುವುದು ಪ್ಲಾಸ್ಟರಿನ ದವಡೆ. ಅದು ಮಾತಾಡುವುದಿಲ್ಲ. ಮೇಣ ಕರಗಿಸಿ ಮತ್ತೆ ಮೊದಲಿನಿಂದ ಜೋಡಿಸಿದೆ.

ಸಂಜೆ ಅಕ್ಕನ ಮನೆ. ಭಾವನಿಗೆ ಸ್ಟ್ರೋಕ್ ಆಗಿ ಐದು ವಾರ. ಬಲಗೈ ಸ್ವಲ್ಪ ಏಳುತ್ತದೆ. ಕೋಲು ಹಿಡಿದು ಬಚ್ಚಲಿಗೆ ಹೋಗುತ್ತಾರೆ. ಮಾತು ಮಾತ್ರ ಇಲ್ಲ. ಉಳಿದಿರುವುದು ಒಂದೇ ಶಬ್ದ — 'ಆಮೇಲೆ'. ನೀರು ಬೇಕಾದರೂ ಆಮೇಲೆ, ಸಿಟ್ಟು ಬಂದರೂ ಆಮೇಲೆ. ಅಕ್ಕ ಮಾತ್ರೆ ಕೊಟ್ಟಾಗಲೂ ಅದೇ. "ಆಮೇಲೂ ಇಲ್ಲ ಗೀಮೇಲೂ ಇಲ್ಲ, ಈಗ್ಲೇ ನುಂಗಿ" ಅಂದಳು. ನನಗೆ ನಗು ಬಂತು. ಭಾವನಿಗೆ ಬರಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದರು.

ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಬಾಗಿಲ ಹೊರಗಿನಿಂದ ಮಾತಾಡಿಸುತ್ತಾ ಧೈರ್ಯ ಹೇಳುತ್ತಿದ್ದವರು. ಈಗ ಒಳಗೆ ಸಿಕ್ಕಿಕೊಂಡಿರುವುದು ಅವರೇ. ಹೊರಗೆ ನಿಂತ ನಮಗೆ ಏನು ಹೇಳಬೇಕೋ ಗೊತ್ತಾಗುವುದಿಲ್ಲ.

ಮಾರ್ಚ್ 6, ಬುಧವಾರ

'ಮಾತಿನ ಟೀಚರ್' ಬಂದಿದ್ದರು. ಸ್ಪೀಚ್ ಥೆರಪಿಸ್ಟ್‌ಗೆ ಅಕ್ಕ ಇಟ್ಟ ಹೆಸರು. ಭಾವ ಬಾಯಿಯನ್ನೇ ತೆರೆಯಲಿಲ್ಲ. ಚಿತ್ರದ ಕಾರ್ಡ್ ತೋರಿಸಿದರೆ ಕಣ್ಣು ಮುಚ್ಚಿಕೊಂಡರು.

ಟೀಚರ್ ಹೊರಡುವಾಗ ಬಾಗಿಲಲ್ಲಿ ನಿಂತು ನೇರವಾಗಿಯೇ ಹೇಳಿದರು. ಮೊದಲ ಕೆಲವು ತಿಂಗಳಲ್ಲಿ ಎಷ್ಟು ಪ್ರಯತ್ನ ಪಟ್ಟರೆ ಅಷ್ಟು. ಇವರು ಪ್ರಯತ್ನವನ್ನೇ ಬಿಟ್ಟಿದ್ದಾರೆ. ಏಪ್ರಿಲ್ ಕೊನೆಯವರೆಗೆ ನೋಡುತ್ತಾರಂತೆ, ಆಮೇಲೆ ಈ ಹೊತ್ತನ್ನು ಕಾಯುತ್ತಿರುವ ಇನ್ನೊಬ್ಬರಿಗೆ ಕೊಡಬೇಕು. ಒಂದು ದಾರಿ ಉಂಟು — ಮಾತು ಹೋದ ಕೆಲವರಲ್ಲಿ ಹಾಡು ಉಳಿದಿರುತ್ತದೆ. ಅವರು ತುಂಬಾ ಇಷ್ಟಪಟ್ಟು ಕೇಳುತ್ತಿದ್ದ ಹಾಡು ಹಾಕಿ. ಜೊತೆಗೆ ಹಾಡಿದರೆ ಅಲ್ಲಿಂದ ಮಾತಿಗೆ ಎಳೆದುಕೊಂಡು ಬರಬಹುದು.

ಅಕ್ಕ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

"ಇವ್ರಿಗೆ ಇಷ್ಟ ಆಗಿದ್ದು ಹಾಡೇ ಅಲ್ವಲ್ಲೋ" ಅಂದಳು.

ಮಾರ್ಚ್ 10, ಭಾನುವಾರ

ಭಾನುವಾರ. ಹೋಗಲು ಜಾಗ ಇಲ್ಲದ ಹಾಗೆ ಅನಿಸುತ್ತಿದೆ.

ಭಾವನ ಆ ಹಾಡನ್ನು ನಾನು ಇಪ್ಪತ್ತೆರಡು ವರ್ಷದವನಿದ್ದಾಗ ಮೊದಲ ಸಲ ಕೇಳಿದ್ದು. ಊರು ಬಿಟ್ಟು ಹೋಗುತ್ತಿದ್ದ ಒಬ್ಬ ವಿದೇಶಿ ಎಂಜಿನಿಯರ್ ಭಾವನಿಗೆ ಕೊಟ್ಟ ರೆಕಾರ್ಡುಗಳ ಪೆಟ್ಟಿಗೆ. ಎಲ್ಲ ಯುರೋಪಿನ ವಿಚಿತ್ರ ತಂಡಗಳು. ಅದರಲ್ಲೂ ಒಂದು... ಕವರಿನ ಮೇಲೆ ಗೋಧಿ ಹೊಲದ ನಡುವೆ ಸ್ನಾನದ ತೊಟ್ಟಿ, ಅದರೊಳಗಿಂದ ಒಂದು ತುತ್ತೂರಿ ಇಣುಕುತ್ತದೆ. ಹಾಡಿರುವುದು ಯಾವ ದೇಶದ ಭಾಷೆಯೂ ಅಲ್ಲ, ತಂಡದವರು ತಾವೇ ಕಟ್ಟಿಕೊಂಡದ್ದು. ಆರ್ಗನ್, ಕೊಳಲು, ನಡುವೆ ಯಾರೋ ತಟ್ಟೆ ಬೀಳಿಸಿದ ಸದ್ದು. ಗುಹೆಯ ತಳದಿಂದ ಬರುವಂಥ ದಪ್ಪ ಗಂಡಸಿನ ದನಿ. ನಾವಿಟ್ಟ ಹೆಸರು 'ಗುಹೆ ಮಾವ'.

ನನಗೆ ತಲೆ ಚಿಟ್ಟು ಹಿಡಿಯಿತು. ಏನಿದರ ಅರ್ಥ ಅಂತ ಕೇಳಿದೆ. ಭಾವ ಮೇಜಿನ ಮೇಲೆ ಬೆರಳು ಕುಟ್ಟಿ ತೋರಿಸಿದರು. ಒಂದು ಎರಡು ಮೂರು, ಒಂದು ಎರಡು, ಒಂದು ಎರಡು. ಏಳು. "ಅರ್ಥ ಬಿಡೋ. ಮುಂದಿನ ತಿರುವು ಎಲ್ಲಿ ಅಂತ ಕಿವಿ ಇಡು" ಅಂದರು. ನಾಲ್ಕನೇ ಭಾನುವಾರಕ್ಕೆ ತಿರುವು ಸಿಕ್ಕಿತು. ಆರ್ಗನ್ ಇನ್ನೇನು ಬೀಳುತ್ತದೆ ಅನ್ನುವಾಗ ಕೊಳಲು ಬಂದು ಕೈ ಹಿಡಿಯುತ್ತದೆ. ಮೈ ಜುಮ್ಮೆಂದಿತು. ಅಲ್ಲಿಂದ ಹುಚ್ಚು ಹಿಡಿದದ್ದು ಬಿಡಲೇ ಇಲ್ಲ.

ಮೂವತ್ತು ವರ್ಷ, ಭಾನುವಾರ ಬೆಳಿಗ್ಗೆ. ಭಾವ ಕುರ್ಚಿಯಲ್ಲಿ, ನಾನು ನೆಲದ ಮೇಲೆ, ಅಕ್ಕ ಮೂಲೆಯಲ್ಲಿ ವಾರದ ಯೂನಿಫಾರ್ಮ್ ಅಂಗಿಗಳಿಗೆ ಇಸ್ತ್ರಿ ಹಾಕುತ್ತಾ, ನಮ್ಮಿಬ್ಬರನ್ನೂ ಬೈಯುತ್ತಾ. ಒಂದು ಬದಿ ಮುಗಿದ ಕೂಡಲೇ ಭಾವ ಕಣ್ಣು ತೆರೆಯದೆ "ತಿರುಗ್ಸೋ" ಅನ್ನುತ್ತಿದ್ದರು. ಎದ್ದು ತಿರುಗಿಸುವುದು ನನ್ನ ಕೆಲಸ.

ಸ್ಟ್ರೋಕ್ ಆದ ಆ ಭಾನುವಾರ ನಾನು ಹೋಗಿರಲಿಲ್ಲ. ಲ್ಯಾಬಿನಲ್ಲಿ ಕೆಲಸ ಅಂತ ಫೋನ್ ಮಾಡಿದೆ. ಸುಳ್ಳು. ಸುಮ್ಮನೆ ಮಲಗಬೇಕು ಅನಿಸಿತ್ತು. ಭಾವ ತಾವೇ ಎದ್ದು ತಿರುಗಿಸಲು ಹೋಗಿ, ಪ್ಲೇಯರ್ ಸಮೇತ ಬಿದ್ದರು. ಗುಹೆ ಮಾವನ ರೆಕಾರ್ಡ್ ಎರಡು ಹೋಳು. ಇದನ್ನು ಅಕ್ಕನಿಗೆ ಹೇಳಿಲ್ಲ. ಇಲ್ಲಿ ಬರೆದೆ.

ಏಪ್ರಿಲ್ 5, ಶುಕ್ರವಾರ

ಸಿಕ್ಕಿತು! ಹಳೇ ರೆಕಾರ್ಡಿನ ಅಂಗಡಿಯವರು ಎಲ್ಲೆಲ್ಲಿಗೋ ಬರೆದು, ಯುರೋಪಿನಿಂದಲೇ ತರಿಸಿದರು. ಅದೇ ತೊಟ್ಟಿ, ಅದೇ ತುತ್ತೂರಿ. ತಮ್ಮ ಪ್ಲೇಯರ್ ಕೂಡ ತಂದು ಜೋಡಿಸಿಕೊಡುತ್ತಾರಂತೆ. ಇವತ್ತು ಲ್ಯಾಬಿನಲ್ಲಿ ಒಂದೂ ಹಲ್ಲು ನೆಟ್ಟಗೆ ಕೂರಲಿಲ್ಲ.

ಏಪ್ರಿಲ್ 7, ಭಾನುವಾರ

ಆಗಲಿಲ್ಲ.

ಅಂಗಡಿಯವರು ರೆಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ, ಗುಂಡಿ ತಿರುಗಿಸಿ, ಸೂಜಿ ಇಳಿಸಿ ಹೋದರು. ಭಾವ ಕುರ್ಚಿಯಲ್ಲಿ. ಅಕ್ಕ ಇಸ್ತ್ರಿ ಬಿಸಿ ಮಾಡಿಕೊಂಡು ಅದೇ ಮೂಲೆಯಲ್ಲಿ. ಕೆಲಸಕ್ಕೆ ಹೋಗುವವರು ಇಲ್ಲದಿದ್ದರೂ ಈ ಎರಡು ತಿಂಗಳೂ ಅದೇ ಅಂಗಿಗಳನ್ನು ಒಗೆದು ಇಸ್ತ್ರಿ ಹಾಕುತ್ತಲೇ ಇದ್ದಾಳೆ.

ಹಾಡಿದ್ದು ಒಬ್ಬ ಹೆಂಗಸು. ಚುರುಕಾಗಿ, ಮೆಟ್ಟಿಲು ಹಾರಿಕೊಂಡು ಇಳಿಯುವವಳ ಹಾಗೆ. ಶಬ್ದಗಳು ನಮ್ಮವೇ, ಕೊಳಲೂ ಇತ್ತು, ಗುಹೆ ಮಾವ ಮಾತ್ರ ಇಲ್ಲ. ಭಾವ ಮೊದಲು ಪ್ಲೇಯರ್ ನೋಡಿದರು, ಆಮೇಲೆ ನನ್ನನ್ನು. ಮೋಸ ಮಾಡಿದವನನ್ನು ನೋಡುವ ನೋಟ. "ಆಮೇಲೆ, ಆಮೇಲೆ" ಅಂತ ಎಡಗೈಯಿಂದ ಕುರ್ಚಿ ಬಡಿದು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಇದೇ ಮೊದಲು. ಇದು ಬೇರೆ ಯಾರೋ ಹಾಡಿದ ಪ್ರತಿ ಇರಬೇಕು ಅಂದೆ.

ಅಕ್ಕ ಇಸ್ತ್ರಿ ನಿಲ್ಲಿಸಿ, "ಎರಡೇ ಅಂಗಿ ಆಯ್ತು. ಒಂದ್ ಬದಿಗೆ ಮೂರ್ ಆಗ್ಬೇಕಿತ್ತು" ಅಂದಳು. ಅಂಗಿ ಲೆಕ್ಕ ಹಾಕುವ ಹೊತ್ತಾ ಇದು ಅಂತ ರೇಗಿಬಿಟ್ಟೆ. ಇಸ್ತ್ರಿ ಆರಿಸಿ ಒಳಗೆ ಹೋದಳು.

ಏಪ್ರಿಲ್ 9, ಮಂಗಳವಾರ, ಮಧ್ಯಾಹ್ನ

ಮೇಣ ಕಾಯಲು ಇಟ್ಟು ಕೂತಿದ್ದೆ. ಅಕ್ಕನ ಮಾತು ಕಿವಿಯಲ್ಲೇ ಇತ್ತು. ಎರಡು ಅಂಗಿ... ಮೂರು ಅಂಗಿ... ಮೂವತ್ತು ವರ್ಷ ಅವಳ ಕೈ ಒಂದೇ ಲಯದಲ್ಲಿ ಓಡಿದೆ. ಅಂಗಿ ಕಡಿಮೆ ಆಗಿದೆ ಅಂದರೆ ಹಾಡು ಬೇಗ ಮುಗಿದಿದೆ.

ಅಂಗಡಿಗೆ ಫೋನ್ ಮಾಡಿದೆ. ಲೇಬಲ್ಲಿನ ಅಂಚಿನಲ್ಲಿ ಸಣ್ಣಕ್ಷರದಲ್ಲಿ ನಲವತ್ತೈದು ಅಂತ ಇದೆಯಂತೆ, ನಿಮಿಷಕ್ಕೆ ಅಷ್ಟು ಸುತ್ತು. ದೊಡ್ಡ ರೆಕಾರ್ಡ್ ಎಂದರೆ ಮೂವತ್ತಮೂರು, ಸಣ್ಣದು ನಲವತ್ತೈದು ಅಂತ ನಾವು ಅಂದುಕೊಂಡಿದ್ದೆವು. ಕೆಲವು ದೊಡ್ಡವನ್ನೂ ನಲವತ್ತೈದಕ್ಕೆ ಮಾಡುತ್ತಾರಂತೆ, ಸದ್ದು ಚೆನ್ನಾಗಿರಲಿ ಅಂತ. ಅವರು ನಕ್ಕರು. ನನಗೆ ನಗಲು ಆಗಲಿಲ್ಲ.

ಮೂವತ್ತು ವರ್ಷ ನಾವು ಕೇಳಿದ್ದು ತಪ್ಪು ವೇಗದಲ್ಲಿ. ಗುಹೆ ಮಾವ ಅನ್ನುವವನೇ ಇಲ್ಲ. ಆ ಹೆಂಗಸನ್ನು ನಿಧಾನ ಮಾಡಿ ನಾವೇ ಹುಟ್ಟಿಸಿದ್ದು. ಲಿಫ್ಟಿನೊಳಗಿನ ಪ್ರತಿಯೊಂದು ಸೂಚನಾ ಪಟ್ಟಿಯನ್ನೂ ಎರಡೆರಡು ಸಲ ಓದುವ ಭಾವ ಒಂದು ಲೇಬಲ್ ಓದಲಿಲ್ಲ. ಅವರ ಗೆಳೆಯರು ಬಂದಾಗಲೆಲ್ಲ 'ಈ ದನಿಯ ಆಳ ನೋಡಿ' ಅಂತ ನಾನೂ ಎಷ್ಟು ಭಾಷಣ ಬಿಗಿದಿದ್ದೇನೆ...

ಆದರೂ ಮೈ ಜುಮ್ಮೆಂದದ್ದು ಸುಳ್ಳಲ್ಲ.

ಏಪ್ರಿಲ್ 14, ಭಾನುವಾರ

ಮೊದಲು ಅಕ್ಕನ ಹತ್ತಿರ ತಪ್ಪಾಯಿತು ಅಂದೆ. ರೇಗಿದ್ದಕ್ಕೆ. ಆಮೇಲೆ ಆ ಭಾನುವಾರದ ಸುಳ್ಳನ್ನೂ ಹೇಳಿಬಿಟ್ಟೆ. ಅಂಗಿಯ ಕಾಲರ್ ಒತ್ತುತ್ತಾ ಕೇಳಿಸಿಕೊಂಡಳು. "ನೀನ್ ಇದ್ದಿದ್ರೂ ಸ್ಟ್ರೋಕ್ ಆಗ್ತಿತ್ತು ಕಣೋ. ಹಾಕು ಅದನ್ನ" ಅಂದಳು. ಅಷ್ಟೇ.

ಗುಂಡಿಯನ್ನು ಮೂವತ್ತಮೂರಕ್ಕೆ ತಿರುಗಿಸಿದೆ.

ಗುಹೆ ಮಾವ ಬಂದ. ತನ್ನ ಪಾಡಿಗೆ, ಎಲ್ಲಿಗೂ ಹೋಗೇ ಇರದವನ ಹಾಗೆ. ಭಾವನ ಎಡಗೈ ಮೊಣಕಾಲಿನ ಮೇಲೆ ಎಣಿಸಲು ಶುರು ಮಾಡಿತು. ಮೂರು, ಎರಡು, ಎರಡು. ಆರ್ಗನ್ ಬಿತ್ತು, ಕೊಳಲು ಹಿಡಿಯಿತು. ಬಾಯಿ ತೆರೆದರು.

"ಸೋರಾ ವೆನ್ ದಿಮಾ... ಸೋರಾ ವೆನ್..."

ಒಂದಕ್ಷರ ತಪ್ಪಲಿಲ್ಲ. ಯಾರ ಭಾಷೆಯೂ ಅಲ್ಲದ ಆ ಮಾತುಗಳು ಅವರ ಬಾಯಲ್ಲಿ ಸಾಲುಸಾಲಾಗಿ ನಿಂತಿದ್ದವು. ನಾನು ಅಳುತ್ತಾ ಸೇರಿಕೊಂಡೆ. ಮೂರನೇ ದನಿ ಕೇಳಿ ತಿರುಗಿ ನೋಡಿದರೆ ಅಕ್ಕ. ಇಸ್ತ್ರಿ ಹಿಡಿದುಕೊಂಡೇ ಹಾಡುತ್ತಿದ್ದಾಳೆ. ಎಲ್ಲ ಸಾಲೂ ಗೊತ್ತು ಮಹಾತಾಯಿಗೆ. ಒಂದು ಅಂಗಿಯ ಬೆನ್ನು ಸುಟ್ಟು ವಾಸನೆ ಬರುವವರೆಗೂ ನಿಲ್ಲಿಸಲಿಲ್ಲ.

ಏಪ್ರಿಲ್ 17, ಬುಧವಾರ

ಟೀಚರ್ ಭಾವನ ಹಾಡು ಕೇಳಿದರು. ತುಂಬಾ ಖುಷಿ. ನಿಧಾನವಾಗಿರುವುದೇ ಒಳ್ಳೆಯದಾಯಿತು, ಆ ಚುರುಕಿನ ವೇಗಕ್ಕೆ ನಾಲಿಗೆ ಏಳುತ್ತಿರಲಿಲ್ಲ ಅಂದರು. ಆದರೆ ಹಾಡು ಕಂಠಪಾಠ. ಅವರಾಗಿಯೇ ಬೇಕು ಅಂತ ಆಡಿದ ಒಂದು ಮಾತು — ಒಂದೇ ಒಂದು ಬಂದರೆ ಸಾಕು, ಮುಂದಕ್ಕೆ ತೆಗೆದುಕೊಳ್ಳುತ್ತಾರಂತೆ. ಇನ್ನು ಎರಡೇ ಭಾನುವಾರ.

ಭಾವ ಈಗ ಗೋಡೆ ಕಡೆ ತಿರುಗುವುದಿಲ್ಲ. ನೀರಿಗೆ ಇನ್ನೂ 'ಆಮೇಲೆ'.

ಏಪ್ರಿಲ್ 28, ಭಾನುವಾರ, ಬೆಳಿಗ್ಗೆ 10

ಹೋದ ವಾರ ಹಾಡು ಮಾತ್ರ. ಇವತ್ತು ಕೊನೆಯ ಭಾನುವಾರ. ಮನೆಯಲ್ಲಿ ಕಾಲು ನಿಲ್ಲಲಿಲ್ಲ, ಪುಸ್ತಕವನ್ನು ಇಲ್ಲಿಗೇ ತಂದಿದ್ದೇನೆ. ನೆಲದ ಮೇಲೆ ನನ್ನ ಜಾಗದಲ್ಲೇ ಕೂತು ಬರೆಯುತ್ತಿದ್ದೇನೆ.

ಮೊದಲ ಬದಿ ಓಡುತ್ತಿದೆ. ಭಾವ ಹಾಡುತ್ತಿದ್ದಾರೆ, ಕಣ್ಣು ಮುಚ್ಚಿಕೊಂಡು. ಅಕ್ಕ ಎರಡನೇ ಅಂಗಿಯಲ್ಲಿದ್ದಾಳೆ. ನಲವತ್ತೈದರ ವಿಷಯ ಭಾವನಿಗೆ ಇನ್ನೂ ಹೇಳಿಲ್ಲ. ಮಾತು ಬಂದ ಮೇಲೆ ಹೇಳುತ್ತೇನೆ, ಬೈಯಲಾದರೂ ಬೇಕಲ್ಲ.

ಮೂರನೇ ಅಂಗಿ ಮಡಿಸಿದಳು. ಬದಿ ಮುಗಿಯಿತು. ಸೂಜಿ ಒಳಗಿನ ಗೆರೆಯಲ್ಲಿ ಸುತ್ತುತ್ತಿದೆ. ಟಕ್... ಟಕ್... ಈ ಸಾಲು ಬರೆದು ಎದ್ದರಾಯಿತು ಅಂತ —

ಭಾವ ಹೇಳಿದರು. ಈಗ ತಾನೇ. ಕಣ್ಣು ತೆರೆಯದೆ.

"ತಿರುಗ್ಸೋ."

ಅಕ್ಕ ಅಂಗಿ ಎದೆಗವಚಿಕೊಂಡು ನಿಂತುಬಿಟ್ಟಿದ್ದಾಳೆ. ನಾನು ಅಲ್ಲಾಡಲಿಲ್ಲ, ಇನ್ನೊಂದು ಸಲ ಕೇಳಬೇಕಿತ್ತು. ಹೇಳಿದರು. ಈ ಸಲ ಸಿಟ್ಟಿನಲ್ಲಿ, ಕುರ್ಚಿ ಬಡಿದು. ಎದ್ದೆ ಭಾವ, ಎದ್ದೆ, ಇಗೋ