ನೀಲಿ ಪಟ್ಟಿಯ ವೈರು

ಟಸ್ಕಂಬಿಯಾ, ಅಲಬಾಮಾ
ಸೋಮವಾರ, ಏಪ್ರಿಲ್ 12, 1976

ಹಾಲಿಸ್,

ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದೆ. ಆಮೇಲೆ ‘ಮಾನ್ಯರೇ’ ಎಂದು ಬರೆದು ನನಗೇ ನಗು ಬಂತು. ಹನ್ನೊಂದು ವರ್ಷ ಸಂಸಾರ ಮಾಡಿದವನನ್ನು ಮಾನ್ಯರೇ ಎನ್ನುವುದೇ? ಬರೀ ಹೆಸರು ಸಾಕು. ನೀನು ಊರು ಬಿಟ್ಟು ಎರಡು ವರ್ಷವಾದರೂ ಸ್ಟುಡಿಯೋ ಬಾಗಿಲ ಮೇಲೆ ಇನ್ನೂ ನಿನ್ನ ಹೆಸರೇ ಇದೆ. ನನ್ನದು ಎಲ್ಲೂ ಇಲ್ಲ.

ಬುಧವಾರ ನೀನು ನ್ಯಾಶ್‌ವಿಲ್‌ನಿಂದ ಫೋನ್ ಮಾಡಿದಾಗ ನಾನು ಹೂಂ ಎಂದಷ್ಟೇ ಅಂದೆ. ನೀನು ಮಾತಾಡುವಾಗ ಸುಮ್ಮನಿರುವುದು ನನಗೆ ಅಭ್ಯಾಸವಾಗಿ ಹೋಗಿದೆ. ನೀನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಮರೆತಿದ್ದರೆ ನೆನಪಾಗಲಿ.

“ಶನಿವಾರ ವರ್ಡೆಲ್ ಹಾಡಿ ಮುಗಿಸ್ಲಿ, ಟೇಪು ನನಗೆ ಕಳ್ಸು. ಡ್ರಮ್ಮು ಅಳಿಸಿ ಇಲ್ಲಿ ನಮ್ಮವನ ಕೈಲಿ ಬಾರಿಸ್ಕೋತೀನಿ. ಓಥಾನ ಟಾಮ್ ಡ್ರಮ್ಮಿಗೆ ಹೊಟ್ಟೆನೇ ಇಲ್ಲ, ಬರೀ ಟೊಳ್ಳು ಸದ್ದು, ಅದು ಊರಿಗೇ ಗೊತ್ತು. ಇನ್ನು ನೀನು ಮೈಕ್ ಇಡೋದು! ಅದೇನು ಕಾಫಿ ಲೋಟ ಇಟ್ಟಂಗಾ?”

ಟೇಪು ನಿನಗೆ ಕಳಿಸುವುದಿಲ್ಲ. ಯಾಕೆ ಎನ್ನುವುದಕ್ಕೇ ಈ ಕಾಗದ.

ಮಿಸ್ಟರ್ ಕ್ರಿಟೆಂಡನ್ ಶನಿವಾರ ಬೆಳಿಗ್ಗೆ ಎಂಟಕ್ಕೇ ಬಂದರು. ಮಿಸ್ಟರ್ ಎಂದು ಬರೆದದ್ದಕ್ಕೆ ಹುಬ್ಬೇರಿಸಬೇಡ. ನನಗಿಂತ ಹದಿನಾಲ್ಕು ವರ್ಷ ದೊಡ್ಡವರು. ಅವರು ನನ್ನನ್ನು ಮಿಸ್ ಇಮೋಜೀನ್ ಎನ್ನುತ್ತಾರೆ, ನಾವಿಬ್ಬರೂ ಅವರನ್ನು ಇಷ್ಟು ವರ್ಷ ಓಥಾ, ಓಥಾ ಎಂದು ಕೂಗಿದೆವು. ಕೂದಲು ಪೂರಾ ಬೆಳ್ಳಗಾಗಿದೆ. ವಾರವೆಲ್ಲ ಶಾಲೆಯ ಬಸ್ಸು ಓಡಿಸುತ್ತಾರೆ, ಭಾನುವಾರ ಚರ್ಚಿನಲ್ಲಿ ಬಾರಿಸುತ್ತಾರೆ. ಈ ಕಟ್ಟಡದೊಳಗೆ ಆರು ವರ್ಷದಿಂದ ಕಾಲಿಟ್ಟಿರಲಿಲ್ಲ. ವರ್ಡೆಲ್ ಹಟ ಹಿಡಿಯದಿದ್ದರೆ ಈಗಲೂ ಬರುತ್ತಿರಲಿಲ್ಲ. ಅವಳು ಅವರ ನಾದಿನಿ, ನಿನಗೆ ಗೊತ್ತಲ್ಲ. “ನಮ್ ಭಾವ ಬಾರಿಸ್ದಿದ್ರೆ ನನ್ ಬಾಯಿಂದ ಒಂದ್ ಸೊಲ್ಲೂ ಬರಲ್ಲ, ನಿಮ್ ರೆಕಾರ್ಡ್ ಕಂಪನಿ ಬೇಕಾದ್ರೆ ಗೋಡೆ ಹತ್ರ ಹಾಡಿಸ್ಕೊಳ್ಳಿ” ಎಂದು ನನಗೆ ಮೊದಲೇ ಹೇಳಿದ್ದಳು.

ಅವರು ಬಾಗಿಲಲ್ಲೇ ನಿಂತು ಕೇಳಿದರು: “ಮಿಸ್ ಇಮೋಜೀನ್, ಟಾಮಿನ ಕೆಳಗಿನ ಚರ್ಮ ನಾನು ಬಿಚ್ಚಲ್ಲ. ಬಿಚ್ಬೇಕು ಅಂದ್ರೆ ಈಗ್ಲೇ ಹೇಳ್ಬಿಡಿ, ಹೊರಟೋಗ್ತೀನಿ.”

ಬಿಚ್ಚುವುದು ಬೇಡ ಎಂದೆ. ನೀನು ಹೋದ ಮೇಲೆ ಇಲ್ಲಿಗೆ ಬಂದ ಡ್ರಮ್ಮರ್‌ಗಳೆಲ್ಲ ಟಾಮಿನ ಕೆಳಚರ್ಮ ಬಿಚ್ಚಿ ಎಸೆದು, ಮೇಲೆ ಪಾತ್ರೆ ಒರೆಸುವ ಬಟ್ಟೆ ಅಂಟಿಸಿ ಬಾರಿಸುವವರೇ. ಒಳಗೊಂದು ಮೈಕು ತೂರಿಸಿದರೆ ನನ್ನ ಕೆಲಸ ಮುಗಿಯಿತು. ಸದ್ದು ರಟ್ಟಿನ ಡಬ್ಬ ಬಡಿದ ಹಾಗಿರುತ್ತದೆ, ಎಲ್ಲರಿಗೂ ಅದೇ ಬೇಕು. ಮಿಸ್ಟರ್ ಕ್ರಿಟೆಂಡನ್ ಟಾಮಿಗೆ ಎರಡೂ ಕಡೆ ಚರ್ಮ ಬೇಕು. ಮೇಲೆ ಹೊಡೆದ ಏಟು ಕೆಳಗಿನಿಂದ ಉತ್ತರ ಹೇಳಬೇಕು. ಚರ್ಚಿನಲ್ಲಿ ಅವರು ದೊಡ್ಡ ಟಾಮ್ ಮುಟ್ಟಿದರೆ ಬೆಂಚಿನ ಹಲಗೆ ತೊಡೆಗೆ ತಾಗಿ ಗುಂಯ್ ಎನ್ನುತ್ತದೆ.

ಮೈಕು ಇಡಲು ಕೂತೆ. ನೀನು ಹೋಗುವಾಗ ಜರ್ಮನ್ ಮೈಕುಗಳನ್ನೆಲ್ಲ ನನ್ನ ಮದುವೆಯ ಟವೆಲ್ಲುಗಳಲ್ಲಿ ಸುತ್ತಿಕೊಂಡು ಹೋದೆ. ವರ್ಡೆಲ್‌ಗೂ ಉಳಿದ ವಾದ್ಯಗಳಿಗೂ ಎತ್ತಿಟ್ಟದ್ದು ಬಿಟ್ಟರೆ ಟಾಮುಗಳಿಗೆ ಉಳಿದದ್ದು ಹಾಡುಗಾರರು ಕೈಯಲ್ಲಿ ಹಿಡಿಯುವ ಎರಡು ಸಾಧಾರಣ ಮೈಕು, ಮತ್ತೆ ರೇಡಿಯೋ ಸ್ಟೇಷನ್ನಿನವರು ಬೇಡವೆಂದು ಕೊಟ್ಟ ಆ ದಪ್ಪ ಹಳೆಯ ಮೈಕು. ನಿನ್ನ ಲೆಕ್ಕದಲ್ಲಿ ಅವು ಕಸ. ನನಗೆ ಅವು ಸಾಕು. ಸಾಧಾರಣ ಮೈಕು ಏಟಿಗೆ ಹೆದರುವುದಿಲ್ಲ, ನಾಜೂಕಿನವಾದರೆ ಹತ್ತಿರದ ಏಟಿಗೆ ಕಿರುಚುತ್ತವೆ. ಸಣ್ಣ ಟಾಮಿಗೆ ಒಂದನ್ನು ಅಂಚಿನಿಂದ ಮೂರು ಬೆರಳು ಮೇಲೆ ನಿಲ್ಲಿಸಿದೆ. ಮೂತಿ ನಡುಮಧ್ಯಕ್ಕಲ್ಲ, ಅಂಚಿಗೂ ಮಧ್ಯಕ್ಕೂ ನಡುವೆ. ಮಧ್ಯಕ್ಕೆ ಗುರಿಯಿಟ್ಟರೆ ಬರೀ ತಟ್ ಎಂಬ ಏಟು ಸಿಗುತ್ತದೆ, ಅಂಚಿಗೇ ಒತ್ತಿದರೆ ಕಿಣಿಗುಟ್ಟುವ ಗಂಟಲು ಮಾತ್ರ. ಮೈಕಿನ ಬೆನ್ನು ಕಿವುಡು ಅಲ್ಲವೇ, ಆ ಬೆನ್ನನ್ನು ಪಕ್ಕದ ತಾಳದ ತಟ್ಟೆಯ ಕಡೆ ತಿರುಗಿಸಿದೆ. ಇದನ್ನೆಲ್ಲ ನಾನು ಓದಿ ಕಲಿತದ್ದಲ್ಲ. ಎಲ್ಲಿ ಸದ್ದು ಕೊಬ್ಬಿದೆಯೋ ಅಲ್ಲಿ ಕಿವಿ ಇಟ್ಟು, ಕಿವಿ ಇದ್ದ ಜಾಗದಲ್ಲಿ ಮೈಕು ಇಡುತ್ತೇನೆ, ಅಷ್ಟೇ.

ದೊಡ್ಡ ಟಾಮಿಗೆ ನಿನ್ನ ಎರಡು ಮೈಕಿನ ಪದ್ಧತಿಯನ್ನೇ ಹಿಡಿದೆ. ಮೇಲೆ ರೇಡಿಯೋದವರ ದಪ್ಪ ಮೈಕು, ಕೆಳಗೆ ಉಳಿದ ಸಾಧಾರಣದ್ದು. ಬಾಗಿಲಿನ ಆಚೆ ಈಚೆ ನಿಂತ ಇಬ್ಬರು ಒಟ್ಟಿಗೆ ತಳ್ಳಿದರೆ ಬಾಗಿಲು ಅಲ್ಲಾಡುವುದಿಲ್ಲ, ಒಬ್ಬ ತಳ್ಳುವಾಗ ಇನ್ನೊಬ್ಬ ಎಳೆಯಬೇಕು ಎಂದು ನೀನು ಬಂದವರಿಗೆಲ್ಲ ವಿವರಿಸುತ್ತಿದ್ದೆ. ಒಂದೇ ಏಟಿಗೆ ಮೇಲಿನ ಕೆಳಗಿನ ಮೈಕೂ ಹಾಗೇ ಒಂದರ ಸದ್ದನ್ನು ಇನ್ನೊಂದು ತಿಂದುಹಾಕುತ್ತವೆ, ಅದಕ್ಕೇ ಕೆಳಗಿನ ಮೈಕಿಗೆಂದು ಒಂದು ವೈರಿನೊಳಗೆ ಎರಡು ಎಳೆಗಳನ್ನು ಅದಲುಬದಲು ಮಾಡಿ ಬೆಸೆದು, ಗುರುತಿಗೆ ನೀಲಿ ಪಟ್ಟಿ ಸುತ್ತಲಾಗಿತ್ತು. ಆ ನೀಲಿ ಪಟ್ಟಿಯ ವೈರನ್ನು ಎತ್ತಿ ತೋರಿಸದೆ ನೀನು ಒಬ್ಬ ಅತಿಥಿಯನ್ನೂ ಹೊರಗೆ ಬಿಟ್ಟವನಲ್ಲ. ಶನಿವಾರ ನಾನೂ ಅದನ್ನೇ ಕೆಳಗಿನ ಮೈಕಿಗೆ ಸಿಕ್ಕಿಸಿದೆ.

ಗಾಜಿನ ಕೋಣೆಯೊಳಗೆ ಬಂದು ಎರಡೂ ಮೈಕು ತೆರೆದೆ. ಮಿಸ್ಟರ್ ಕ್ರಿಟೆಂಡನ್ ಬಾರಿಸಿದರು. ಹೊಟ್ಟೆ ಇರಲಿಲ್ಲ. ಹಸಿದವನ ಹೊಟ್ಟೆ ಬಡಿದ ಹಾಗೆ ಖಾಲಿ ಸದ್ದು. ಹಾಗಾದರೆ ಹಾಲಿಸ್ ಹೇಳಿದ್ದೇ ನಿಜವೇ ಎಂದು ಒಂದು ಗಳಿಗೆ ನನಗೂ ಅನಿಸಿತು. ಒಂದೇ ಗಳಿಗೆ.

ಅವರು ಕೋಲು ಮಡಿಲಲ್ಲಿಟ್ಟುಕೊಂಡು ಗಾಜಿನ ಆಚೆಯಿಂದ ಹೇಳಿದರು: “ನಿಮ್ ಮುಖ ನೋಡಿದ್ರೇ ಗೊತ್ತಾಯ್ತು ಬಿಡಿ. ಆವತ್ತೂ ಹಿಂಗೇ ಆಗಿತ್ತು. ಆವತ್ತು ಒಂದ್ ಮಾತು ಕೇಳಿದ್ದೆ, ಯಾರೂ ನಡೆಸ್ಕೊಡ್ಲಿಲ್ಲ. ಕೆಳಗಿನ ಮೈಕ್ ಮುಚ್ಚಿ ಒಂದ್ಸಲ ಕೇಳ್ತೀರಾ?”

ಆವತ್ತು ಎಂದರೆ 1970ರ ಅಕ್ಟೋಬರ್. ನಿನಗೆ ನೆನಪಿದೆ, ನೆನಪಿಲ್ಲವೆಂದು ನಟಿಸಬೇಡ. ಅವರು ಇದೇ ಮಾತು ಕೇಳಿದಾಗ ನೀನು ಎಂಟು ಜನರ ಎದುರು, “ಕುಣಿಯಲಾರ್ದವಳಿಗೆ ನೆಲ ಡೊಂಕಂತೆ! ನೀನು ಬಾರಿಸೋದ್ ನೋಡ್ಕೋ ಓಥಾ, ಕೇಳೋದು ನನ್ ಕೆಲಸ” ಎಂದು ನಕ್ಕೆ. ಎಂಟು ಜನರೂ ನಕ್ಕರು. ಅವರು ಕೋಲುಗಳನ್ನು ಜೇಬಿಗೆ ಸಿಕ್ಕಿಸಿ ಎದ್ದು ಹೋದರು. ಆಮೇಲೆ ಈ ನದಿದಂಡೆಯ ಒಂದು ಸ್ಟುಡಿಯೋದವರೂ ಅವರನ್ನು ಕರೆಯಲಿಲ್ಲ. ನಾನು ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲೇ ಇದ್ದೆ. ನಾನು ನಗಲಿಲ್ಲ, ಆದರೆ ಬಾಯನ್ನೂ ಬಿಡಲಿಲ್ಲ. ಅದು ನನ್ನ ಪಾಲಿನ ನಾಚಿಕೆ.

ಶನಿವಾರ ಕೆಳಗಿನ ಮೈಕು ಮುಚ್ಚಿದೆ. ಅವರು ಹೊಡೆದರು. ಹೊಟ್ಟೆ ಬಂತು. ತೆರೆದೆ, ಹೋಯಿತು. ಮುಚ್ಚಿದೆ, ಬಂತು. ನನ್ನ ಪಕ್ಕದಲ್ಲಿ ಕೂತಿದ್ದ ವರ್ಡೆಲ್ ತಿನ್ನುತ್ತಿದ್ದ ಗೆಣಸಿನ ಪೈ ಕೆಳಗಿಟ್ಟು, “ಅಯ್ಯೋ ಯೇಸುವೇ, ಇಷ್ಟೇನಾ?” ಎಂದಳು.

ನಾನು ಟಾಮಿನ ಕೆಳಗೆ ತೆವಳಿ ನೀಲಿ ಪಟ್ಟಿಯ ವೈರು ಕಿತ್ತೆ. ಅದೇ ಉದ್ದದ್ದು ಇನ್ನೊಂದೇ ಇತ್ತು, ವರ್ಡೆಲ್‌ಳ ಮೈಕಿನದು. ಅದನ್ನು ಇಲ್ಲಿಗೆ, ಇದನ್ನು ಅಲ್ಲಿಗೆ ಹಾಕಿದೆ. ಎರಡೂ ಮೈಕು ತೆರೆದು ಕೈ ಎತ್ತಿದೆ.

ಹಾಲಿಸ್, ನಾನು ಬರೆದು ತಿಳಿಸಲಾರೆ. ಮೇಜಿನ ಮೇಲಿನ ಕಾಫಿ ನಡುಗಿತು. ಅವರು ಒಂದು ಏಟು ಹೊಡೆದು, ಕೋಲನ್ನು ಗಾಳಿಯಲ್ಲೇ ಹಿಡಿದು, ಸದ್ದು ಪೂರ್ತಿ ಆರುವ ತನಕ ಕೇಳುತ್ತ ಕೂತರು. ನಾನು ಅತ್ತುಬಿಟ್ಟೆ.

ಸ್ಕ್ರೂಡ್ರೈವರ್ ತಂದು ಎರಡೂ ವೈರಿನ ಪ್ಲಗ್ಗು ಬಿಚ್ಚಿದೆವು. ನೀಲಿ ಪಟ್ಟಿಯದರ ಎಳೆಗಳು ನೆಟ್ಟಗಿದ್ದವು. ಪಟ್ಟಿಯಿಲ್ಲದ್ದು ಅದಲುಬದಲಾಗಿತ್ತು. ಬೆಸುಗೆ ಎರಡರಲ್ಲೂ ಸೊಗಸಾಗಿತ್ತು, ಪಟ್ಟಿ ಮಾತ್ರ ತಪ್ಪು ವೈರಿಗೆ ಬಿದ್ದಿತ್ತು. ಅದಲುಬದಲಾದದ್ದು ಏಳು ವರ್ಷ ಹಾಡುಗಾರರ ಮೈಕಿನಲ್ಲಿತ್ತು. ಒಂಟಿ ಮೈಕಿಗೆ ಅದರಿಂದ ಏನೂ ಆಗುವುದಿಲ್ಲವಾದ್ದರಿಂದ ಯಾರಿಗೂ ತಿಳಿಯಲಿಲ್ಲ. ಕೆಳಚರ್ಮ ಉಳಿಸಿಕೊಂಡು ಬಾರಿಸುತ್ತಿದ್ದವರು ಒಬ್ಬರೇ, ಏಟು ಬಿದ್ದದ್ದೂ ಅವರೊಬ್ಬರಿಗೇ. ನೆಲ ನಿಜವಾಗಿಯೂ ಡೊಂಕಿತ್ತು ಕಣೋ.

“ಆರು ವರ್ಷ,” ಎಂದರು ಮಿಸ್ಟರ್ ಕ್ರಿಟೆಂಡನ್, ಆ ಪ್ಲಗ್ಗನ್ನು ಅಂಗೈಯಲ್ಲಿಟ್ಟು ನೋಡುತ್ತ. “ನನ್ ಕೈನೇ ಸತ್ತೋಯ್ತು ಅನ್ಕೊಂಡಿದ್ದೆ. ಬಸ್ಸಿನ ಸ್ಟೇರಿಂಗ್ ಹಿಡ್ಕೊಂಡು ದಿನಾ ಬೆರಳು ಮಡಚಿ ಮಡಚಿ ನೋಡ್ತಿದ್ದೆ.”

ಈಗ ನಿನ್ನ ಕೆಲಸದ ವಿಷಯ. ನೀನು ಡ್ರಮ್ಮು ಅಳಿಸುತ್ತೇನೆಂದೆ. ಶನಿವಾರ ಊಟಕ್ಕೆ ಮುಂಚೆ ನಾನು ಹಾಡುಗಾರರನ್ನು ಬೇರೆಯಾಗಿ ನಿಲ್ಲಿಸುವ ಗೂಡಿನ ಅಡ್ಡಗೋಡೆಯನ್ನು ಕಳಚಿ ಹೊರಗೆ ಒರಗಿಸಿದೆ. ನೀನೇ ಕಟ್ಟಿದ ಗೋಡೆ, ಎತ್ತಲು ನಾಲ್ಕು ಜನ ಬೇಕಾಯಿತು. ವರ್ಡೆಲ್‌ಳನ್ನು ಡ್ರಮ್ಸಿನಿಂದ ಎಂಟೇ ಅಡಿ ದೂರದಲ್ಲಿ, ಭಾವನಿಗೆ ಎದುರಾಗಿ ನಿಲ್ಲಿಸಿದೆ. ಅವಳು ಉಸಿರೆಳೆದಾಗ ಅವರು ನೋಡಿದರು, ಅವರು ಕೋಲೆತ್ತಿದಾಗ ಅವಳು ನೋಡಿದಳು. ಆರು ಹಾಡು, ಎಲ್ಲರೂ ಒಟ್ಟಿಗೆ, ಒಂದೇ ಉಸಿರಿಗೆ. ಅವಳ ಮೈಕಿನ ತುಂಬ ಅವರ ಟಾಮ್ ಇದೆ. ನೀನು ಟೇಪಿನ ಮೇಲಿನ ಟಾಮಿನ ಟ್ರ್ಯಾಕುಗಳನ್ನೆಲ್ಲ ಅಳಿಸಿದರೂ ಅವಳ ದನಿಯ ಹಿಂದೆ ಅವರು ಬಾರಿಸುತ್ತಲೇ ಇರುತ್ತಾರೆ. ಅವರನ್ನು ತೆಗೆಯಬೇಕಾದರೆ ಅವಳನ್ನೂ ತೆಗೆಯಬೇಕು. ಅವಳನ್ನು ತೆಗೆದರೆ ಕಂಪನಿಗೆ ಉಳಿಯುವುದು ಖಾಲಿ ಟೇಪು. ಮಾಡು, ಏನು ಮಾಡುತ್ತೀಯೋ.

ಒಂದರಿಂದ ಇನ್ನೊಂದಕ್ಕೆ ಸದ್ದು ಸೋರಬಾರದು, ಎಲ್ಲವನ್ನೂ ಬೇರೆ ಬೇರೆ ಡಬ್ಬದಲ್ಲಿ ಮುಚ್ಚಿಡಬೇಕು ಎಂದು ನೀನು ಹೇಳಿಕೊಡುತ್ತಿದ್ದೆ. ಆ ಪಾಠ ನನಗೆ ಚೆನ್ನಾಗಿ ಬಂತು. ಏನು ಮಾಡಬಾರದೆಂದು ತಿಳಿದಿದ್ದರಿಂದಲೇ ಇದನ್ನು ಮಾಡಲು ಆಯಿತು.

ಟೇಪನ್ನು ಇವತ್ತು ಬೆಳಿಗ್ಗೆ ನಿನ್ನ ಕೈಗಲ್ಲ, ನೇರವಾಗಿ ಕಂಪನಿಗೇ ಕಳಿಸಿದ್ದೇನೆ. ಡಬ್ಬದ ಮೇಲೆ ಡ್ರಮ್ಸ್: ಓಥಾ ಕ್ರಿಟೆಂಡನ್ ಎಂದೂ, ಧ್ವನಿಮುದ್ರಣ: ಇಮೋಜೀನ್ ಪ್ರುಯಿಟ್ ಎಂದೂ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಪ್ರುಯಿಟ್ ಎಂಬ ನಿನ್ನ ಮನೆತನದ ಹೆಸರನ್ನು ಇನ್ನೂ ಇಟ್ಟುಕೊಂಡಿರುವುದು ಪ್ರೀತಿಯಿಂದಲ್ಲ. ಬಾಗಿಲಿನ ಹಲಗೆಯಲ್ಲಿ ಹಾಲಿಸ್ ಎಂಬುದೊಂದನ್ನು ಬದಲಾಯಿಸಿದರೆ ಸಾಕಾಗುತ್ತದೆ, ಅದಕ್ಕೆ.

ಮಿಸ್ಟರ್ ಕ್ರಿಟೆಂಡನ್ ಬರುವ ಶನಿವಾರವೂ ಬರುತ್ತಾರೆ. ನೀನು ಬರುವುದಾದರೆ ಬಾ. ಬಂದು ಆ ಎಂಟು ಜನರನ್ನು ಸೇರಿಸಿ, ಅವರೆದುರು ಕ್ರಿಟೆಂಡನ್ ಹೆಸರಿಗೆ ಮಿಸ್ಟರ್ ಸೇರಿಸಿ ತಪ್ಪಾಯಿತೆಂದು ಹೇಳು. ಅದಾಗದಿದ್ದರೆ ನ್ಯಾಶ್‌ವಿಲ್‌ನಲ್ಲೇ ಇರು, ಟವೆಲ್ಲು ಮಾತ್ರ ಕಳಿಸು.

ಇಂತು,
ನಿನ್ನ ಕಾಫಿ ಲೋಟ ಇಡುವುದನ್ನು ಬಿಟ್ಟ
ಇಮೋಜೀನ್

ಮರೆತ ಮಾತು: ಇದರ ಜೊತೆಗೇ ನೀಲಿ ಪಟ್ಟಿಯ ವೈರನ್ನು ಪೊಟ್ಟಣ ಕಟ್ಟಿ ಕಳಿಸಿದ್ದೇನೆ. 1969ರ ಆಗಸ್ಟಿನಲ್ಲಿ ಅಡುಗೆಮನೆಯ ಮೇಜಿನ ಮೇಲೆ ಎರಡೂ ವೈರು ಬೆಸೆದವಳು ನಾನು. ಈ ಕಟ್ಟಡದ ಬೇರೆಲ್ಲ ವೈರುಗಳ ಹಾಗೆಯೇ. ಪಟ್ಟಿ ಸುತ್ತುವ ಹೊತ್ತಿಗೆ ಒಲೆಯ ಮೇಲಿನ ಜೋಳದ ರೊಟ್ಟಿ ಸೀಯುತ್ತಿತ್ತು, ಎದ್ದು ಹೋಗಿ ಬಂದು ಕೈಗೆ ಸಿಕ್ಕಿದ್ದಕ್ಕೆ ಸುತ್ತಿದೆ. “ಒಂದೊಂದು ವೈರೂ ನಾನೇ ಬೆಸೆದದ್ದು” ಎಂದು ನೀನು ಪತ್ರಿಕೆಯವರಿಗೆ ಹೇಳಿದಾಗ ಸುಮ್ಮನಿದ್ದೆ. ಶನಿವಾರ ಪ್ಲಗ್ಗು ಬಿಚ್ಚಿದ ಕೂಡಲೇ ಮಿಸ್ಟರ್ ಕ್ರಿಟೆಂಡನ್ ಎದುರು ತಪ್ಪು ನನ್ನದೆಂದು ಒಪ್ಪಿಕೊಂಡೆ. ಅವರು ಪ್ಲಗ್ಗನ್ನು ನನ್ನ ಕೈಗೆ ಹಾಕಿ ಕೋಲು ಎತ್ತಿಕೊಂಡರು. “ಮೈಕ್ ಸರಿಯಾಗಿಡಿ, ಬಾರಿಸೋಣ” ಎಂದರು. ಕ್ಷಮಿಸಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳುವ ಹಕ್ಕೂ ನನಗಿಲ್ಲ. ಕಂಪನಿಗೂ ಬರೆದಿದ್ದೇನೆ: ಹಾಳು ಮಾಡಿದ ಆ ವೈರು ನನ್ನದು, ಈ ಏಳು ವರ್ಷ ಇಲ್ಲಿ ಬೆಸೆದ ಉಳಿದ ವೈರುಗಳೂ ಇಟ್ಟ ಮೈಕುಗಳೂ ನನ್ನವೇ. ಸುಳ್ಳು, ಎಲ್ಲ ನಾನೇ ಬೆಸೆದದ್ದು ಎನ್ನುವುದಾದರೆ ಅವರಿಗೆ ಹೇಳು. ಆಗ ನೀಲಿ ಪಟ್ಟಿಯ ತಪ್ಪೂ ನಿನ್ನದಾಗುತ್ತದೆ.