ಇಬ್ಬರಿಗೊಂದು ಫ್ಯಾಮಿಲಿ ಪ್ಲೇಟು

ಜೂನ್ 3, ಸೋಮವಾರ. ಮಧ್ಯಾಹ್ನ 3.10

ಕರಡಿ ವೇಷದ ಎಡಗಿವಿ ಮತ್ತೆ ಕಿತ್ತು ಬಂದಿದೆ. ಹದಿನೈದು ದಿನದಲ್ಲಿ ಮೂರನೇ ಸಲ. ಫೋಟೋಗೆ ನಿಂತ ಮಕ್ಕಳು ಕಿವಿ ಹಿಡಿದು ಜೋತು ಬೀಳುತ್ತವೆ, ಅಪ್ಪಂದಿರು ಇನ್ನೂ ಒಂದು ಇನ್ನೂ ಒಂದು ಅನ್ನುತ್ತಾರೆ. ಹೊಲಿಯುವವಳು ನಾನು. ದಪ್ಪ ದಾರ ಎರಡೆಳೆ ಹಾಕಿದೆ.

ಊಟ — ಆಲೂಗಡ್ಡೆ ಬನ್ನು. ಇವತ್ತೂ. ಊಟದ ಕಾರ್ಡಿಗೆ ಈ ಮಕ್ಕಳ ಪಾರ್ಕಿನವರು ದಿನಕ್ಕೆ ನೂರಿಪ್ಪತ್ತು ರೂಪಾಯಿ ಹಾಕುತ್ತಾರೆ. ಉಳಿಸಿದರೆ ನಾಳೆಗಿಲ್ಲ, ಸಂಜೆ ಗೇಟು ಮುಚ್ಚಿದೊಡನೆ ಮಾಯ. ಪಾರ್ಕಿನೊಳಗೆ ಒಂದು ಬನ್ನಿಗೇ ನೂರಾ ಹದಿನೈದು. ಮನೆಯಿಂದ ಡಬ್ಬಿ ತರುವಂತಿಲ್ಲ. ಗೇಟಿನಲ್ಲಿ ಬ್ಯಾಗು ತಡಕಿ, ಬಿಸ್ಕತ್ತು ಸಿಕ್ಕರೂ ತೆಗೆದಿಡುತ್ತಾರೆ. ಬಂದ ಜನಕ್ಕೂ ಕೆಲಸದವರಿಗೂ ಒಂದೇ ರೂಲು. ಮಿಕ್ಕ ಐದಕ್ಕೆ ಸಾಸಿನ ಪೊಟ್ಟಣ ಬರುತ್ತದೆ. ಅದನ್ನೂ ತಗೊಂಡೆ, ಬಿಡುವುದೇಕೆ.

ಡಾಕ್ಟರು ಬೈದು ಕಳಿಸಿ ವಾರವಾಯಿತು. ಶುಗರ್ ಇನ್ನೂರ ಎಂಬತ್ತು. "ಹೊತ್ತಿಗೆ ಸರಿಯಾಗಿ ತರಕಾರಿ ತಿನ್ನಿ, ಮೊಟ್ಟೆ ತಿನ್ನಿ. ಈ ಬನ್ನು ಬಿಡಿ. ಕಣ್ಣಿಗೆ ಬಂತು ಅಂದ್ರೆ ನಿಮ್ಮ ಹೊಲಿಗೆ ಅಲ್ಲಿಗೆ ಮುಗೀತು." ಸೂಜಿಗೆ ದಾರ ಪೋಣಿಸಲು ಈಗಲೇ ಮೂರು ಸಲ ಬೇಕು. ಹೆದರಿಕೆಯಾಗಿದೆ. ಮಗಳಿಗೂ ಹೇಳಿಲ್ಲ.

ಜೂನ್ 7, ಶುಕ್ರವಾರ. 3.30

ಏನು ಮಾಡಿಬಿಟ್ಟೆ ಇವತ್ತು. ಬರೆದರೆ ಸಮಾಧಾನವಾದೀತು.

ಕ್ಯಾಂಟೀನಿನ ಹಿಂದಿನ ಬೆಂಚಿನಲ್ಲಿ ಪುಟಾಣಿ ರೈಲು ಓಡಿಸುವವರು ಕೂತಿದ್ದರು. ಚಿಪ್ಸ್ ಪೊಟ್ಟಣ, ಒಂದು ಟೀ. ಅದೇ ಅವರ ಊಟ. ನನ್ನ ಕೈಲಿ ಬನ್ನು. ಒಬ್ಬರ ಊಟ ಒಬ್ಬರು ನೋಡಿ ಇಬ್ಬರಿಗೂ ನಾಚಿಕೆಯಾಯಿತು. ಎರಡು ವರ್ಷದಿಂದ ಮುಖ ಪರಿಚಯ, ಮಾತು ಇಲ್ಲ.

"ಫ್ಯಾಮಿಲಿ ಪ್ಲೇಟ್ ಇನ್ನೂರ ನಲವತ್ತು," ಅಂದರು, ಬೋರ್ಡು ನೋಡುತ್ತ. "ಅನ್ನ, ಎರಡು ತರಕಾರಿ, ಎರಡು ಮೊಟ್ಟೆ, ಸೂಪು, ಮೊಸರು, ಹಣ್ಣು. ನಾಲ್ಕು ಜನಕ್ಕೆ ಅಂತಾರೆ, ಇಬ್ಬರಿಗೆ ಸರಿಹೋಗುತ್ತೆ. ದಿನಾ ಲೆಕ್ಕ ಹಾಕ್ತೀನಿ. ನನ್ನ ಹತ್ರ ಇರೋದು ಒಂದೇ ಕಾರ್ಡು."

ನನ್ನ ಕಾರ್ಡು ಎತ್ತಿ ತೋರಿಸಿದೆ. ಎರಡು ಕಾರ್ಡು, ಸರಿಯಾಗಿ ಇನ್ನೂರ ನಲವತ್ತು.

ಕೌಂಟರಿಗೆ ಹೋದರೆ ಕೌಂಟರಮ್ಮ ರಿಜಿಸ್ಟರ್ ತೆಗೆದರು. ಕೆಲಸದವರು ಕಾರ್ಡು ಸೇರಿಸಿ ಫ್ಯಾಮಿಲಿ ಪ್ಲೇಟ್ ಕೊಳ್ಳಬೇಕಾದರೆ ಒಂದೇ ಮನೆಯವರಾಗಿರಬೇಕಂತೆ. "ಇವ್ರು ನಿಮಗೇನಾಗ್ಬೇಕು?" ಹಿಂದೆ ಕ್ಯೂ. ನನ್ನ ವಯಸ್ಸಿನ ಹೆಂಗಸು, ಪಕ್ಕದಲ್ಲಿ ಪರಪುರುಷ, ಬಾಯಿಗೆ ಇನ್ನೇನು ಬರಬೇಕು.

"ನಮ್ಮಣ್ಣ" ಅಂದೆ.

ಕೌಂಟರಮ್ಮ ಬರೆದುಕೊಂಡರು. ಸಹಿ ಹಾಕಿದೆ. ರೈಲಿನವರು ಕೆಮ್ಮಿದರು ಅಷ್ಟೆ.

ಆಮೇಲೆ ಬೆಂಚಿನಲ್ಲಿ ಕೂತು ಮೆಲ್ಲಗೆ ಹೇಳಿದರು — "ನನಗೆ ಐವತ್ತೆರಡು. ನಿಮ್ಮ ಕಾರ್ಡಲ್ಲಿ ಐವತ್ತನಾಲ್ಕು ಅಂತಿತ್ತು." ಅನ್ನ ಗಂಟಲಿಗೆ ಸಿಕ್ಕಿ ನಗು ತಡೆಯಲಾಗಲಿಲ್ಲ.

ಜೂನ್ 22

ಇಬ್ಬರೂ ಪಳಗಿದ್ದೇವೆ. ಎರಡೂ ಮುಕ್ಕಾಲಿಗೆ ಹೋಗಬೇಕು. ರಶ್ ಮುಗಿದಿರುತ್ತದೆ, ಪಾತ್ರೆಯ ತಳದ ತರಕಾರಿಯನ್ನು ಕೌಂಟರಮ್ಮ ಧಾರಾಳವಾಗಿ ಬಳಿದು ಹಾಕುತ್ತಾರೆ. ಪ್ಲೇಟಿನ ಜೊತೆ ಬರುವ ಸಿಹಿ ಜ್ಯೂಸು ಬೇಡ ಅಂದರೆ ಇನ್ನೊಂದು ಮೊಸರು. ಅದು ನನ್ನ ಐದು ಗಂಟೆಯ ಹಸಿವಿಗೆ. ಹಣ್ಣು ಅವರ ಐದು ಗಂಟೆಗೆ. ನೀರನ್ನು ಕೊಳ್ಳುವವರು ದಡ್ಡರು. ತಿರುಗುವ ಕುದುರೆಗಳ ಹಿಂದೆ ನಲ್ಲಿ ಇದೆ, ಎಷ್ಟು ಬೇಕಾದರೂ ಹಿಡಿ.

ಮೊದಲು ಸೂಪು, ಆಮೇಲೆ ತರಕಾರಿ, ಕೊನೆಗೆ ಅನ್ನ. ಹೀಗೆ ತಿಂದರೆ ಅನ್ನ ತಾನಾಗಿ ಕಡಿಮೆ ಹೋಗುತ್ತದೆ. ಡಾಕ್ಟರು ಹೇಳಿದ್ದು ಅಂತ ಒಂದು ಸಲ ಅಂದಿದ್ದೆ. ಈಗ ಅನ್ನದ ಕಡೆ ನಾನು ಬೇಗ ಕೈ ಹಾಕಿದರೆ ರೈಲಿನವರು ತಟ್ಟೆಯನ್ನೇ ತಿರುಗಿಸಿ ತರಕಾರಿ ನನ್ನ ಮುಂದೆ ತರುತ್ತಾರೆ. ರೈಲಿನ ಹಳಿ ತಿರುಗಿಸಿದ ಹಾಗೆ ತಟ್ಟೆ ತಿರುಗಿಸುತ್ತಾರೆ.

ಪಾರ್ಕಿಗೆಲ್ಲ ನಾವು ಅಣ್ಣ-ತಂಗಿ. ಕರಡಿಯ ವೇಷದವನು ಬಂದು "ನಿಮ್ಮಣ್ಣ ಕರೀತಿದಾರೆ" ಅನ್ನುತ್ತಾನೆ. ಹೂಂ ಅನ್ನುತ್ತೇನೆ.

ಜುಲೈ 16, ಮಂಗಳವಾರ. ರಜೆ

ನೂರ ಅರವತ್ತು! ಡಾಕ್ಟರು ಚೀಟಿಯನ್ನು ಎರಡು ಸಲ ನೋಡಿದರು. ಏನು ಮಾಡಿದ್ರಿ ಅಂತ ಕೇಳಿದರು. ಏನಂತ ಹೇಳಲಿ, ಒಬ್ಬ ಅಣ್ಣನನ್ನು ಮಾಡಿಕೊಂಡೆ ಅಂತಲೇ?

ಮಗಳಿಗೆ ಫೋನಿನಲ್ಲಿ ಎಲ್ಲ ಹೇಳಿದೆ, ಶುಗರ್ ವಿಷಯವನ್ನೂ. ಮೊದಲು ಬೈದಳು. ಆಮೇಲೆ ನಕ್ಕಳು. ಈಗ ಫೋನ್ ಮಾಡಿದಾಗಲೆಲ್ಲ "ಮಾವ ಹೇಗಿದಾರಮ್ಮ?" ಅನ್ನುತ್ತಾಳೆ. ನನ್ನ ಅಣ್ಣನಾದರೆ ಅವಳಿಗೆ ಸೋದರಮಾವ ತಾನೆ. ಅಮ್ಮನನ್ನು ಕಾಡಿಸುವುದರಲ್ಲಿ ಅಪ್ಪನದೇ ಬುದ್ಧಿ.

ಆಗಸ್ಟ್ 2. 4.00

ಇವತ್ತು ಅವರ ತಾಯಿಯ ಮಾತು ಬಂತು. ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದರಂತೆ. ಚಮಚದಲ್ಲಿ ಇವರೇ ಉಣ್ಣಿಸಿದ್ದು. ಮದುವೆ ಅಂತ ಆಗಲಿಲ್ಲ, ಯಾರಾದರೂ ಕೇಳಿದಾಗ ಪುರುಸೊತ್ತಿರಲಿಲ್ಲ, ಪುರುಸೊತ್ತಾದಾಗ ಯಾರೂ ಕೇಳಲಿಲ್ಲ ಅಂದರು. ಹೋದ ವರ್ಷ ತಾಯಿ ತೀರಿಕೊಂಡ ಮೇಲೆ ಒಲೆಯೇ ಹಚ್ಚಿಲ್ಲ. "ಒಬ್ಬನಿಗೇನು ಅಡಿಗೆ" ಅಂತ.

ಇದನ್ನೆಲ್ಲ ಹೇಳುತ್ತ ನನ್ನ ಸೂಪಿನ ಬಟ್ಟಲು ಎತ್ತಿ, ಊದಿ, ಆರಿಸಿ, ನನ್ನ ಮುಂದಿಟ್ಟರು. ಏನು ಮಾಡಿದೆ ಅಂತ ಅವರಿಗೆ ಆಮೇಲೆ ಹೊಳೆಯಿತು. ಕಿವಿ ಕೆಂಪಾಯಿತು. "ಅಭ್ಯಾಸ" ಅಂದರು.

ನಮ್ಮ ಯಜಮಾನರು ಒಳ್ಳೆಯವರೇ. ಹೋಗಿ ಹನ್ನೊಂದು ವರ್ಷ. ಆದರೆ ಅವರಿಗೆ ಊದಿ ಕೊಟ್ಟವಳು ನಾನು, ನನಗೆ ಯಾರೂ ಊದಿ ಕೊಟ್ಟಿರಲಿಲ್ಲ.

ಈ ಮನುಷ್ಯ ನನಗೆ ಬೇಕಾಗಿಬಿಟ್ಟಿದ್ದಾರೆ. ತಂಗಿಯಾದವಳು ಹೀಗೆ ಬರೆಯಬಾರದು. ಬರೆದಾಯಿತು.

ಆಗಸ್ಟ್ 19, ಸೋಮವಾರ. ಸಂಜೆ

ಬಟ್ಟೆ ಒಗೆದು ಹರವುವಾಗ ಕೌಂಟರಮ್ಮ ಹುಡುಕಿಕೊಂಡು ಬಂದರು. ಕೈಯಲ್ಲಿ ಎರಡು ಕಿತ್ತಳೆ, ನನಗಂತೆ. ಪಕ್ಕಕ್ಕೆ ಕರೆದರು.

"ನಿಮ್ಮಣ್ಣನಿಗೆ ಮದುವೆ ಆಗಿಲ್ವಂತಲ್ಲ. ನಮ್ಮಕ್ಕ ಒಬ್ಳಿದಾಳೆ. ಗಂಡ ಹೋಗಿ ಆರು ವರ್ಷ. ಒಳ್ಳೆಯವಳು, ಅಡಿಗೆ ಚೆನ್ನಾಗಿ ಮಾಡ್ತಾಳೆ. ಗಂಡಸರನ್ನ ನೇರ ಕೇಳೋದು ಸರಿ ಹೋಗಲ್ಲ. ನೀವು ಒಡಹುಟ್ಟಿದವ್ರು, ನೀವೇ ಒಂದು ಮಾತು ಹಾಕಿ."

ಇಂಗು ತಿಂದ ಮಂಗನಂತೆ ನಿಂತೆ. ಕೇಳ್ತೀನಿ ಅಂದೆ.

ನಿಜ ಹೇಳಿದರೆ? ಎರಡೂವರೆ ತಿಂಗಳು ರಿಜಿಸ್ಟರಿನಲ್ಲಿ ಸುಳ್ಳು ಸಹಿ. ರೈಲಿನವರು ಕಾಂಟ್ರ್ಯಾಕ್ಟಿನ ಮೇಲಿರುವವರು, ಒಂದು ಮೆಮೋ ಸಾಕು ಮನೆಗೆ ಕಳಿಸಲು. ಸುಳ್ಳು ಹೇಳಿದವಳು ನಾನು, ಕೆಲಸ ಹೋಗುವುದು ಅವರದು. ಮತ್ತೆ ಅವರಿಗೂ ಒಂದು ಮನೆ, ಬಿಸಿ ಊಟ ಸಿಗುವುದಾದರೆ ಅಡ್ಡ ನಿಲ್ಲಲು ನಾನು ಯಾರು.

ಕಿತ್ತಳೆ ಹುಳಿ.

ಆಗಸ್ಟ್ 21, ಬುಧವಾರ. 3.20

ಹೇಳಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಬೇಕು ಅಂದುಕೊಂಡಿದ್ದೆ. ಕೊಡಲಿಯಲ್ಲಿ ಕಟ್ಟಿಗೆ ಒಡೆದ ಹಾಗಾಯಿತು. ಕೌಂಟರಮ್ಮನ ಅಕ್ಕ, ಒಳ್ಳೆಯವರು, ಅಡಿಗೆ ಬರುತ್ತೆ, ಏನಂತೀರಿ.

ಚಮಚ ಕೆಳಗಿಟ್ಟರು. "ನೀವೇನಂತೀರಿ?"

"ಒಳ್ಳೆ ಸಂಬಂಧ" ಅಂದೆ. ಯಾಕಂದೆ? ಅಷ್ಟಕ್ಕೇ ನಿಲ್ಲಿಸಲಿಲ್ಲ ಬೇರೆ. "ತಂಗಿ ಅಂತ ನನ್ನ ಕೇಳಿದ್ರು, ತಂಗಿಯಾಗಿ ಹೇಳ್ತಿದೀನಿ."

ಸ್ವಲ್ಪ ಹೊತ್ತು ಹಳಿಯ ಕಡೆ ನೋಡಿದರು. "ಮೂರೂವರೆ ಟ್ರಿಪ್ಪಿಗೆ ಹೊತ್ತಾಯ್ತು" ಅಂತ ಎದ್ದರು. ಇನ್ನೂ ಹದಿನೈದು ನಿಮಿಷ ಇತ್ತು. ಮೊಟ್ಟೆ ತಟ್ಟೆಯಲ್ಲೇ ಉಳಿಯಿತು. ಎರಡೂ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಊಟ ಕಲಿತೆ. ಮಾತು ಕಲಿಯಲಿಲ್ಲ.

ಆಗಸ್ಟ್ 22

ಬರಲಿಲ್ಲ. ಮೂರೂಕಾಲಿನವರೆಗೆ ಕಾದೆ. ಬನ್ನು.

ಆಗಸ್ಟ್ 23

ಬನ್ನು. ರೈಲು ಈ ಕಡೆ ಬಂದಾಗ ನೋಡಿದೆ. ಮುಂದೆ ನೋಡಿಕೊಂಡೇ ಓಡಿಸಿದರು. ರೈಲು ಓಡಿಸುವವರು ಮುಂದೆಯೇ ನೋಡಬೇಕು, ನಿಜ.

ಆಗಸ್ಟ್ 26, ಸೋಮವಾರ

ಮಧ್ಯಾಹ್ನ ಮೊಲದ ಬಾಲ ಹೊಲಿಯುತ್ತಿದ್ದಾಗ ಕಣ್ಣು ಮಂಜಾಯಿತು. ಮೆಷಿನ್ನಿನ ಮೇಲೆ ತಲೆಯಿಟ್ಟು ಕೂತೆ. ಕರಡಿಯವನು ನೀರು ತಂದುಕೊಟ್ಟ. "ನಿಮ್ಮಣ್ಣನ್ನ ಕರೀಲಾ?" ಅಂದ. ಬೇಡ ಅಂದೆ. ಅವರೂ ಬರೀ ಚಿಪ್ಸ್ ತಿಂದುಕೊಂಡಿದಾರೆ, ಏನಾಯ್ತು ನಿಮ್ಮಿಬ್ಬರಿಗೆ, ಅಂತ ಕೇಳಿ ಹೋದ.

ಅಂದರೆ ಅವರೂ ಉಣ್ಣುತ್ತಿಲ್ಲ.

ಆಗಸ್ಟ್ 27, ಮಂಗಳವಾರ. ರಜೆ

ಫೋನಿನಲ್ಲಿ ಮಗಳ ಹತ್ತಿರ ಅತ್ತುಬಿಟ್ಟೆ. ಐವತ್ತನಾಲ್ಕನೇ ವಯಸ್ಸಿಗೆ ಮಗಳ ಹತ್ತಿರ ಅಳುವುದೂ ಒಂದು ಬಾಳೇ. ಅವಳು ಪೂರಾ ಕೇಳಿದಳು, ನಡುವೆ ಒಂದೂ ತಮಾಷೆ ಮಾಡಲಿಲ್ಲ.

"ಅಮ್ಮ, ಮಾವ ಅಂತ ಕರೆದೂ ಕರೆದೂ ನನಗೆ ಅಭ್ಯಾಸ ಆಗಿಹೋಗಿದೆ. ಬೇರೆ ಏನಾದ್ರೂ ಕರೀಬೇಕು ಅಂದ್ರೆ ನನಗೇನೂ ಬೇಜಾರಿಲ್ಲ. ನಿಧಾನಕ್ಕೆ ಕಲಿತೀನಿ. ಆದ್ರೆ ಮೊದ್ಲು ನೀನು ಬಾಯಿ ಬಿಡ್ಬೇಕು."

"ಅವರ ಕೆಲಸ ಹೋದ್ರೆ?"

"ಸುಳ್ಳು ನಾನೇ ಹೇಳಿದ್ದು, ಅವ್ರದೇನೂ ಇಲ್ಲ ಅನ್ನು. ನಿಜಾನೇ ತಾನೆ."

ಆಗಸ್ಟ್ 28, ಬುಧವಾರ. 11.30

ಕ್ಯಾಂಟೀನು ತೆರೆಯುವ ಮೊದಲೇ ಹೋದೆ. ಕೌಂಟರಮ್ಮ ಕ್ಯಾರೆಟ್ ಹೆಚ್ಚುತ್ತಿದ್ದರು. ನಿಂತೇ ಹೇಳಿದೆ, ಕೂತರೆ ಧೈರ್ಯ ಹೋಗುತ್ತದೆ ಅಂತ. ಅವರು ನನ್ನಣ್ಣ ಅಲ್ಲ. ಸುಳ್ಳು ನನ್ನದು. ಅವರು ಬಾಯಿ ಬಿಡುವ ಮೊದಲೇ ನಾನು ಹೇಳಿಬಿಟ್ಟಿದ್ದೆ. ಬರೆಯುವುದಾದರೆ ನನ್ನ ಮೇಲೆ ಬರೆದು ಕೊಡಿ.

ಚಾಕು ನಿಂತಿತು.

"ನಮ್ಮಕ್ಕ ಕೂದಲಿಗೆ ಬಣ್ಣ ಹಾಕಿಸ್ಕೊಂಡು ಕೂತಿದಾಳೆ," ಅಂದರು. "ಆರು ವರ್ಷದಲ್ಲಿ ಮೊದಲನೇ ಸಲ ಕನ್ನಡಿ ನೋಡಿದ್ಲು. ಅವಳಿಗೆ ನಾನೇನು ಹೇಳ್ಲಿ?"

ಹಸಿವಿಗೆ ಅಂತ ಹೇಳಿದ ಒಂದು ಮಾತು ನೋಡಿದರೆ ಯಾರದೋ ಮನೆಯ ಕನ್ನಡಿಯವರೆಗೆ ಹೋಗಿದೆ. ಕ್ಷಮಿಸಿ ಅಂದೆ. ಅದಕ್ಕಿಂತ ದೊಡ್ಡ ಮಾತು ಗೊತ್ತಿಲ್ಲ.

"ಮ್ಯಾನೇಜರಿಗೆ ಹೇಳಲ್ಲ. ಅವರ ಹೊಟ್ಟೆ ಮೇಲೆ ಹೊಡೆಯೋಳಲ್ಲ ನಾನು. ಆದ್ರೆ ಇವತ್ತಿಂದ ನಿಮಗೆ ಫ್ಯಾಮಿಲಿ ಪ್ಲೇಟ್ ಇಲ್ಲ." ಮತ್ತೆ ಕ್ಯಾರೆಟ್ ಹೆಚ್ಚತೊಡಗಿದರು, ನನ್ನ ಕಡೆ ನೋಡದೆ.

ನ್ಯಾಯವೇ.

ಆಗಸ್ಟ್ 29, ಗುರುವಾರ. 4.15

ಮಧ್ಯಾಹ್ನ ಹೊಲಿಗೆ ಕೋಣೆಯ ಬಾಗಿಲಲ್ಲಿ ನೆರಳು ಬಿತ್ತು. ರೈಲಿನವರು. ಟೋಪಿ ಕೈಯಲ್ಲಿ.

"ಕೌಂಟರಮ್ಮ ಹೇಳಿದ್ರು. ನಾನು ನಿಮ್ಮಣ್ಣ ಅಲ್ಲ ಅಂದ್ರಂತೆ."

"ಹೂಂ."

"ಮತ್ತೆ ಏನಾಗ್ಬೇಕು ಅಂದ್ರಿ?"

"ಅಲ್ಲ ಅಂತಷ್ಟೇ ಹೇಳಿದೆ. ಮುಂದಿಂದು ಅವ್ರು ಕೇಳ್ಲಿಲ್ಲ."

"ನಾನು ಕೇಳ್ತಿದೀನಿ."

ಸೂಜಿ ಬೆರಳಿಗೆ ಹೊಕ್ಕಿತು. ಮೂವತ್ತು ವರ್ಷ ಹೊಲಿದವಳು, ಚುಚ್ಚಿಸಿಕೊಂಡೆ. "ಊಟ ಆಯ್ತಾ?" ಅಂದೆ.

"ಎಂಟು ದಿನದಿಂದ ಆಗಿಲ್ಲ."

ನನಗೂ ಆಗಿಲ್ಲ ಅಂದೆ. ಬಟ್ಟೆಯ ರಾಶಿ ಸರಿಸಿ ಸ್ಟೂಲಿನಲ್ಲಿ ಕೂತರು. ಆಮೇಲೆ ಅವರೇ ಹೇಳಿದರು, ಟೋಪಿ ನೋಡಿಕೊಂಡು — ಆವತ್ತು ನೀವು ಒಳ್ಳೆ ಸಂಬಂಧ ಅಂದಾಗ, ಇವರಿಗೆ ನಾನು ಬರೀ ಒಂದು ಕಾರ್ಡು ಅನ್ನಿಸಿತು, ಎದ್ದು ಹೋದೆ. ತಪ್ಪು ನಂದೂ ಇದೆ.

"ಕಾರ್ಡಿಗಾಗಿ ಎರಡು ದಿನ ಬಂದಿದ್ದೆ," ಅಂದೆ. "ಉಳಿದ ದಿನ ನಿಮಗಾಗಿ ಬಂದೆ."

ಹೇಳಿದ್ದೇ ತಡ, ಮೊಲದ ಬಾಲವನ್ನು ತಪ್ಪು ಕಡೆಗೆ ಹೊಲಿಯತೊಡಗಿದೆ. ಅವರೇ ತೋರಿಸಿದರು.

ಆಗಸ್ಟ್ 30, ಶುಕ್ರವಾರ. 2.45

ಪ್ಲೇಟು ಹೋಯಿತು, ಲೆಕ್ಕ ಹೋಗಲಿಲ್ಲ. ಬಿಡಿ ಬಿಡಿಯಾಗಿ ಕೊಂಡರೆ ಎರಡು ಕಾರ್ಡು ಸೇರಿಸಲು ರಿಜಿಸ್ಟರ್ ಬೇಕಿಲ್ಲ — ದೊಡ್ಡ ತರಕಾರಿ ಬಟ್ಟಲು ನೂರ ಐವತ್ತು, ಬೇಯಿಸಿದ ಮೊಟ್ಟೆ ಎರಡಕ್ಕೆ ತೊಂಬತ್ತು. ಒಬ್ಬೊಬ್ಬರ ಕಾರ್ಡಿನಿಂದ ಎಷ್ಟೆಷ್ಟು ಕಳೆಯಬೇಕು ಅಂತ ರೈಲಿನವರು ರಾತ್ರಿಯೆಲ್ಲ ಯೋಚಿಸಿದರಂತೆ. ಅನ್ನ ಇಲ್ಲ, ಮೊಸರಿಲ್ಲ. ಡಾಕ್ಟರಿಗೆ ಖುಷಿಯಾದೀತು. ಕೌಂಟರಮ್ಮ ಇನ್ನೂ ನನ್ನ ಮುಖ ನೋಡುವುದಿಲ್ಲ. ಹಾಗಾಗಿ ಕ್ಯೂನಲ್ಲಿ ರೈಲಿನವರೇ ನಿಂತಿದ್ದಾರೆ, ನಾನು ಮರದಡಿ ಕೂತು ಬರೆಯುತ್ತಿದ್ದೇನೆ. ಹಳೇ ಬೆಂಚಿಗೆ ಬಿಸಿಲು, ಅದಕ್ಕೇ ಇಲ್ಲಿ. ಅವರಿಗೆ ಹೇಳಲು ಮರೆತೆ.

ಬಂದರು, ಟ್ರೇ ಹಿಡಿದು. ಹಳೇ ಬೆಂಚಿಗೇ ಹೋದರು. ನಾನಿಲ್ಲ. ಆ ಕಡೆ ನೋಡಿದರು, ಈ ಕಡೆ ನೋಡಿದರು. ಮುಖ ಇಷ್ಟು ಚಿಕ್ಕದಾಯಿತು, ಪಾಪ. ಕೂಗಬೇಕು. ಏನಂತ ಕೂಗಲಿ? ಅಣ್ಣ ಅನ್ನಲಾರೆ ಇನ್ನು. ಹೆಸರು ಹಿಡಿದು ಕರೆಯಲು ನಾಲಿಗೆ ಏಳದು.

ಕೂಗಿಬಿಟ್ಟೆ. "ರೀ, ಇಲ್ಲಿ!" ಅಂತ. ಹನ್ನೊಂದು ವರ್ಷದ ಮೇಲೆ. ಕ್ಯೂನಲ್ಲಿದ್ದ ಗಂಡಸರೆಲ್ಲ ತಿರುಗಿ ನೋಡಿದರು, ಕೌಂಟರಮ್ಮ ಕೂಡ. ಅಷ್ಟೂ ಗಂಡಸರು ತಮ್ಮ ಹೆಂಡತಿಯಲ್ಲ ಅಂತ ಮತ್ತೆ ಆ ಕಡೆ ತಿರುಗಿಕೊಂಡರು. ಇವರೊಬ್ಬರೇ ತಿರುಗಿಕೊಳ್ಳದೆ ಟ್ರೇ ಹಿಡಿದು ಈ ಕಡೆಗೇ ನಡೆದು ಬರುತ್ತಿದ್ದಾರೆ, ಪುಸ್ತಕ ಮುಚ್ಚುತ್ತೇನೆ.