ಜೋಡಿ ಕೊಕ್ಕರೆಗಳ ಕಪ್ಪು

ಹವಲ್ಲಿ, ಕುವೈತ್
೧೬ ಜನವರಿ ೨೦೨೫

ಕಾಂಚನಾ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಆ ಹಕ್ಕು ಉಳಿದಿದೆಯೋ ಇಲ್ಲವೋ. ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಕಾಗದ. ನಿನ್ನಣ್ಣ ಬಾಳಾಸಾಹೇಬರು ಕಳಿಸಿದ ವಿಚ್ಛೇದನದ ಅರ್ಜಿಗೆ ಸಹಿ ಮಾಡಿ ಇದರ ಜೊತೆಗೇ ಇಟ್ಟಿದ್ದೇನೆ. ಎಲ್ಲ ಪುಟಕ್ಕೂ ಮಾಡಿದ್ದೇನೆ, ನೋಡಿಕೋ.

ಆ ಕೊಕ್ಕರೆಗಳ ಕೆಲಸ ನಿನ್ನೆ ಮುಗಿಯಿತು. ಅವುಗಳ ಹೆಸರೆತ್ತಿದರೆ ನಿನಗೆ ಸಿಟ್ಟು ಬಂದೀತು. ಆದರೂ ಹೇಳುತ್ತೇನೆ, ಇಲ್ಲಿ ನನ್ನ ಮಾತು ಕೇಳುವವರು ಬೇರೆ ಯಾರಿದ್ದಾರೆ? ಜಪಾನಿ ಕತ್ತಿಯ ಹಿಡಿಗೆ ಮೀನಿನ ಒರಟು ಚರ್ಮ ಸುತ್ತಿ, ಎರಡು ಬದಿಗೂ ಹೆಬ್ಬೆರಳುದ್ದದ ಒಂದೊಂದು ಲೋಹದ ಗೊಂಬೆ, ಇದರಲ್ಲಿ ಕೊಕ್ಕರೆ, ಇಟ್ಟು, ಮೇಲೆ ರೇಷ್ಮೆ ದಾರ ಬಿಗಿಯುತ್ತಾರೆ. ಗೊಂಬೆ ದಾರದ ಸಂದಿಯಲ್ಲಿ ಅಷ್ಟಿಷ್ಟು ಕಾಣುತ್ತದೆ, ಅಂಗೈಗೆ ಹಿಡಿತ ಕೊಡುತ್ತದೆ. ತಾಮ್ರಕ್ಕೆ ಚೂರು ಬಂಗಾರ ಬೆರೆಸಿ, ಔಷಧದ ನೀರಿನಲ್ಲಿ ಕುದಿಸಿ ಅದಕ್ಕೆ ಕಪ್ಪು ಬರಿಸಿರುತ್ತಾರೆ. ಆ ಕಪ್ಪು ಕೊಳೆಯಲ್ಲ, ಅದೇ ಅದರ ಅಂದ.

ದುರಸ್ತಿಗೆ ಬಂದ ಕತ್ತಿಯ ದಾರ ಕೊಳೆತಿತ್ತೆಂದು ಅರ್ದಿಯಾದ ನಮ್ಮ ವರ್ಕ್‌ಶಾಪಿನಲ್ಲಿ ಹಿಡಿ ಬಿಚ್ಚಿದೆವು. ನಿನಗೆ ತೋರಿಸುವ ಜಂಬಕ್ಕೆ ನಾನು ಕೊಕ್ಕರೆಗಳನ್ನು ಕರ್ಚೀಫಿನಲ್ಲಿ ಕಟ್ಟಿ ಮನೆಗೆ ತಂದೆ. ದೀಪಾವಳಿಯ ಹಿಂದಿನ ದಿನ ನೀನು ದೀಪ, ಆರತಿ ತಟ್ಟೆಗಳ ಜೊತೆ ಅವಕ್ಕೂ ಹುಣಸೆಹಣ್ಣು, ಉಪ್ಪು ಹಚ್ಚಿದೆ. ನಮ್ಮವ್ವ ನಿನಗೆ ಕಲಿಸಿದ್ದೇ ಹಾಗೆ. ನಾನು ಬರುವಷ್ಟರಲ್ಲಿ ಇನ್ನೂರು ವರ್ಷದ ಕಪ್ಪು ಮೋರಿ ಸೇರಿತ್ತು, ಎರಡೂ ಹೊಸ ತಂಬಿಗೆಯ ಹಾಗೆ ಕೆಂಪಗೆ ಹೊಳೆಯುತ್ತಿದ್ದವು.

ಒಂದನ್ನಷ್ಟೇ ಉಜ್ಜಿದೆ ಎಂದು ನೀನು ಹೇಳಿದ್ದಕ್ಕೆ ಸುಳ್ಳಿ ಎಂದು ಬೈದೆ. ನಿನ್ನ ಕೈಗೆ ಬಂದದ್ದು ಯಾವುದೂ ಉಳಿಯುವುದಿಲ್ಲ ಎಂದುಬಿಟ್ಟೆ. ಹೊಟ್ಟೆಯಲ್ಲಿದ್ದ ನಮ್ಮ ಕೂಸು ಹೋಗಿ ಆಗ ಐದು ತಿಂಗಳೂ ಆಗಿರಲಿಲ್ಲ. ನೀನು ಅಳಲಿಲ್ಲ. ನಲ್ಲಿ ಕೆಳಗೆ ಬಹಳ ಹೊತ್ತು ಕೈ ತೊಳೆದುಕೊಂಡು, ಊರಿಗೆ ಟಿಕೆಟ್ ಮಾಡಿಸಿ ಎಂದೆ.

ಜಪಾನಿನ ಹಿರಿಯ ಕೆಲಸಗಾರರೊಬ್ಬರು ವಿಡಿಯೋ ಕಾಲ್‌ನಲ್ಲಿ ಉಪಾಯ ಹೇಳಿಕೊಟ್ಟರು. ಮೊದಲು ಮೂಲಂಗಿ ತುರಿದ ರಸದಲ್ಲಿ ಅದ್ದಬೇಕಂತೆ, ಆಮೇಲೆ ಔಷಧದ ನೀರಿನಲ್ಲಿ ಕುದಿಸಬೇಕಂತೆ. ಮೂಲಂಗಿ! ನೀನಿದ್ದಿದ್ದರೆ ಉಳಿದರ್ಧ ಸಾರಿಗೆ ಕೊಡಿ ಎನ್ನುತ್ತಿದ್ದೆ. ನೀನು ಬಿಟ್ಟುಹೋದ ತುರಿಯುವ ಮಣೆಯಲ್ಲೇ ತುರಿದೆ, ಬೆರಳೂ ತುರಿದುಕೊಂಡೆ. ಕಪ್ಪೇನೋ ಬಂತು, ಹಳೆಯ ಕಪ್ಪಲ್ಲ. ಹಳೆಯದು ಮರಳುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು.

ನಿನ್ನ ಸೀರೆಗಳನ್ನು ಊರಿಗೆ ಹೊರಟವರ ಕೈಲಿ ಕಳಿಸುತ್ತೇನೆ. ಚಳಿಯಲ್ಲಿ ನಿನಗೆ ಕೆಮ್ಮು ಹೆಚ್ಚು, ಜೋಪಾನ.

ಸಹಿ ಅರ್ಜಿಯಲ್ಲಿದೆ, ಇಲ್ಲಿ ಬರೀ ಹೆಸರು,
ರವಿಕಿರಣ

ಮರೆತು ಬಿಟ್ಟದ್ದಲ್ಲ, ಮುಚ್ಚಿಟ್ಟದ್ದು: ನೀನು ಸುಳ್ಳು ಹೇಳಿರಲಿಲ್ಲ. ನೀನು ಉಜ್ಜುವ ಹಿಂದಿನ ದಿನ, ಬಕಾಲಾ ಅಂಗಡಿಗೆ ಸಾಮಾನು ತರಲು ನೀನು ಹೋಗಿದ್ದಾಗ, ಒಳಗಿನ ಬಂಗಾರ ಕಾಣುತ್ತದೇನೋ ಎಂಬ ಹುಚ್ಚಿಗೆ ಒಂದು ಕೊಕ್ಕರೆಯನ್ನು ಉಜ್ಜಿದವನು ನಾನು, ನಿನ್ನದೇ ಹುಣಸೆಹಣ್ಣಿನಿಂದ. ಅದು ಹೊಳೆಯುವುದನ್ನು ನೋಡಿ ನೀನು ಅದರ ಜೋಡಿಯನ್ನು ಉಜ್ಜಿದೆ. ವರ್ಕ್‌ಶಾಪಿನ ಮಾಲೀಕರ ಮುಂದೆಯೂ ನಿನ್ನ ಹೆಸರನ್ನೇ ಹೇಳಿದೆ. ಮನೆಯ ಹೆಂಗಸು ತಿಳಿಯದೆ ಮಾಡಿದ್ದೆಂದು ಅವರು ಖಲಾಸ್, ಹೋಗಲಿ ಎಂದು ಬಿಟ್ಟರು, ಇಲ್ಲಿರಲು ಬೇಕಾದ ನನ್ನ ಇಕಾಮಾ ಪರವಾನಗಿ ಉಳಿಯಿತು. ಸಹಿಗೆ ಮೊದಲು ಇದನ್ನು ಬರೆದಿದ್ದರೆ ವಾಪಸ್ ಬಾ ಎಂದು ಬೇಡಿದಂತಾಗುತ್ತಿತ್ತು. ನಿನ್ನ ಕೈ ಯಾವುದನ್ನೂ ಕಳೆದಿಲ್ಲ, ಕಾಂಚನಾ. ಕೂಸನ್ನೂ.